ವಾಹನದ ಗದ್ದಲದಲ್ಲಿ ಬಾಯಿಮಾತಿನ ಅಪ್ಪಣೆ

ಸುಳ್ಯ ತಾಲೂಕಿನ ಮಂಡೆಕೋಲಿನಂತಹ ಗುಡ್ಡಗಾಡಿನ ಗ್ರಾಮಗಳಲ್ಲಿ ಅಡಿಕೆ, ರಬ್ಬರು ಮುಂತಾದುವನ್ನು ಸಾಗಿಸತಕ್ಕ ಜೀಪಿನ ಚಾಲಕನು ಎರಡು ಕೈಗಳನ್ನೂ ಸ್ಟಿಯರಿಂಗಿನ ಮೇಲಿಟ್ಟಿರಬೇಕಾಗುತ್ತದೆ. ಆದುದರಿಂದ ಮೊಬೈಲಿಗೂ ವಾಹನದ ಉಪಕರಣಗಳಿಗೂ ಬಾಯಿಮಾತಿನಿಂದಲೇ ಅಪ್ಪಣೆ ಕೊಡುವ ಕ್ರಮವು ಉಪಯುಕ್ತವಾದುದೇ ಸರಿ. ಆದರೆ ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿಕೊಂಡ ಯಂತ್ರವು ಏರುದಾರಿಯಲ್ಲಿ ಕಿವುಡಾಗುವುದೇಕೆಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಖರೀದಿಗೆ ಮುಂಚೆಯೇ ತಿಳಿದಿರತಕ್ಕದ್ದು.

ಇಂತಹ ಯಂತ್ರದಲ್ಲಿ ನ್ಯೂರಲ್ ನೆಟ್‌ವರ್ಕ್ ಎಂಬ ಗಣಿತದ ಜಾಲವೊಂದು ಕೆಲಸಮಾಡುತ್ತದೆ. ಅದು ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ನೂರರಲ್ಲೊಂದು ಪಾಲಿನ ಹೆಜ್ಜೆಗಳಲ್ಲಿ ಅಳೆದು, ತಗ್ಗುಸ್ವರವೆಷ್ಟು, ಮೇಲುಸ್ವರವೆಷ್ಟು ಎಂದು ನೋಡಿ, ಹಿಂದೆ ಕೇಳಿಸಿದ ಮಾತುಗಳ ಅಭ್ಯಾಸಬಲದಿಂದ ಶಬ್ದವನ್ನು ಊಹಿಸುತ್ತದೆ. ನಾಲ್ಕು ಸಿಲಿಂಡರಿನ ಜೀಪಿನ ಎಂಜಿನು ನಿಮಿಷಕ್ಕೆ 1800 ಸುತ್ತು ತಿರುಗುವಾಗ ಸೆಕೆಂಡಿಗೆ 60 ಸಿಡಿತಗಳಾಗುತ್ತವೆ. ಈ ಒಂದೇ ಸಮನಾದ ತಗ್ಗುದನಿಯನ್ನು ಸೋಸುವುದು ಅಷ್ಟು ಕಷ್ಟವಲ್ಲ. ಬೀಸುಗಾಳಿ, ಮಾಡಿನ ಮೇಲೆ ಬಡಿಯುವ ಮಳೆ, ಜಲ್ಲಿಯ ಸದ್ದು, ಇವೇ ಸ, ಶ, ತ ಮೊದಲಾದ ದುರ್ಬಲ ವ್ಯಂಜನಗಳನ್ನು ನುಂಗಿಬಿಡುವುವು. ಮೇಲಾಗಿ ಗದ್ದಲದಲ್ಲಿ ಮನುಷ್ಯನು ತಿಳಿಯದೆಯೇ ಏರುದನಿಯಲ್ಲಿ ಮಾತನಾಡುವನು. ಫ್ರಾನ್ಸಿನ ಲೊಂಬಾರ್ ಎಂಬ ವೈದ್ಯನು 1911ರಲ್ಲಿಯೇ ಇದನ್ನು ವಿವರಿಸಿರುತ್ತಾನೆ. ಶಾಂತಸ್ವರವನ್ನಷ್ಟೇ ಕಲಿತ ಜಾಲಕ್ಕೆ ಈ ಕೂಗು ಹೊಸದು.

ಕನ್ನಡದಲ್ಲಿ ಇನ್ನೊಂದು ಅಪಾಯವುಂಟು. ನಮ್ಮ ನಿಷೇಧವು ಕ್ರಿಯಾಪದದ ಬಾಲದಲ್ಲಿರುತ್ತದೆ. "ನಿಲ್ಲಿಸಬೇಡ" ಎಂಬುದರ ಕೊನೆಯು ಮಳೆಯಲ್ಲಿ ಅಳಿಸಿಹೋದರೆ ಯಂತ್ರವು "ನಿಲ್ಲಿಸು" ಎಂದೇ ಗ್ರಹಿಸಬಹುದು. ಅಪ್ಪಣೆಗಳಲ್ಲಿ "ಬೇಡ"ವನ್ನು ಬಿಟ್ಟು, "ತೆರೆ", "ಮುಚ್ಚು" ಎಂಬಂತೆ ಬೇರೆ ಬೇರೆ ಶಬ್ದಗಳನ್ನೇ ಇಟ್ಟುಕೊಳ್ಳುವುದು ಲೇಸು.

ಪರಿಹಾರವೆಂದರೆ, ಕಲಿಸುವಾಗಲೇ ಮಾತಿನೊಡನೆ ಎಂಜಿನು, ಗಾಳಿ, ಮಳೆಗಳ ಸದ್ದನ್ನು ಬೆರೆಸಿ ಕೇಳಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಕೃಷಿ ಮತ್ತು ಹಣಕಾಸಿನ ವಿಷಯಗಳಿಗಾಗಿ ಕನ್ನಡವೂ ಸೇರಿ 9 ಭಾಷೆಗಳ ಮಾತನ್ನು ಪ್ರಾಂತಭೇದಗಳೊಡನೆ ಸಂಗ್ರಹಿಸಲಾಗಿದೆ. ತುಳುವಾಗಲಿ ಮಲಯಾಳವಾಗಲಿ ಆ 9ರಲ್ಲಿಲ್ಲ. ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಆಡುವ ನಮ್ಮ ಚಾಲಕನ ಉಚ್ಚಾರವನ್ನು ಯಂತ್ರವು ಹಿಡಿಯುವುದೋ ಇಲ್ಲವೋ ಎಂಬುದನ್ನು ಅವನ ಬಾಯಿಂದಲೇ ಪರೀಕ್ಷಿಸಬೇಕು, ಮಾರುವವನ ಬಾಯಿಂದಲ್ಲ.

ಪರೀಕ್ಷೆಯನ್ನು ವಾಹನ ನಿಂತಿರುವಾಗ, ಎಂಜಿನು ಓಡುತ್ತಿರಲು, ಕಿಟಕಿ ತೆರೆದು ಮಾಡತಕ್ಕದ್ದು. ಒಂದೊಂದು ಅಪ್ಪಣೆಯನ್ನೂ ಇಪ್ಪತ್ತು ಸಲ ಹೇಳಿ ತಪ್ಪುಗಳನ್ನು ಬರೆದಿಡಿರಿ. ಮೈಕು ಬಾಯಿಗೆ ಸಮೀಪವಿರಲಿ. ಕರೆಮಾಡುವುದು, ದಾರಿ ಕೇಳುವುದು ಇವುಗಳನ್ನು ಮಾತಿಗೆ ಬಿಡಬಹುದು. ಬ್ರೇಕು, ಔಷಧಿ ಸಿಂಪಡಿಸುವ ಪಂಪು, ಟಿಲ್ಲರಿನ ಕ್ಲಚ್ಚು ಇವು ಮಾತ್ರ ಕೈಯಲ್ಲಿಯೇ ಇರತಕ್ಕದ್ದು.