ಕರಾವಳಿಯ ಹವೆಗೆ ಒಪ್ಪುವ ವಾಹನ ಬ್ಯಾಟರಿಯ ಆಯ್ಕೆ

ಕರಾವಳಿಯ ಅಡಿಕೆ, ತೆಂಗು ಬೆಳೆಗಾರರ ಮನೆಗಳಲ್ಲಿ ಇಂದು ಕಾರು, ಜೀಪು ಅಥವಾ ಪಿಕಪ್ ವಾಹನ ಬೇಸಾಯದ ಸಲಕರಣೆಗಳಲ್ಲಿ ಒಂದಾಗಿದೆ. ಅಡಿಕೆಯನ್ನು ಪೇಟೆಗೆ ಸಾಗಿಸಲು, ಗೊಬ್ಬರ ತರಲು, ರಾತ್ರಿ ಹೊತ್ತು ಮನೆಮಂದಿಯನ್ನು ಆಸ್ಪತ್ರೆಗೆ ಒಯ್ಯಲು ಅದೇ ಆಧಾರ. ಬ್ಯಾಟರಿ ಕೈಕೊಟ್ಟ ದಿನ ಮಂಗಳೂರಿಗೆ ಧಾವಿಸಿ, ಹಂಪನಕಟ್ಟೆಯ ಆಸುಪಾಸಿನಲ್ಲಿ ಮೊದಲು ಕಂಡ ಅಂಗಡಿಯಿಂದ ಸಿಕ್ಕಿದ್ದನ್ನು ಹೊತ್ತು ತರುವವರುಂಟು. ಹಾಗೆ ತಂದ ಬ್ಯಾಟರಿ ಎರಡು ಮಳೆಗಾಲ ದಾಟದೆ ಹೋದರೆ ನಷ್ಟ ನಿಮ್ಮದೇ. ನಮ್ಮ ಹವೆಗೆ ಯಾವುದು ಒಪ್ಪುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಹವೆಗೂ ಬ್ಯಾಟರಿಗೂ ಸಂಬಂಧವೇನು?

ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಲಿನ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪ್ಲೇಟುಗಳು ಬೇಗ ಸವೆಯುತ್ತವೆ, ನೀರು ಬೇಗ ಆರುತ್ತದೆ. ಮಂಗಳೂರಿನಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಗಲಿನ ಉಷ್ಣತೆ 33ರಿಂದ 35 ಡಿಗ್ರಿ ಇರುತ್ತದೆ. ಎಂಜಿನ್ನಿನ ಮುಚ್ಚಳದ ಕೆಳಗೆ ಸೆಕೆ ಇದಕ್ಕಿಂತ ಬಹಳ ಹೆಚ್ಚು.

ಇಷ್ಟಾದರೂ ಬ್ಯಾಟರಿ ಬೇಸಿಗೆಯಲ್ಲಿ ಹೇಗೋ ಓಡುತ್ತದೆ. ಮಳೆಗಾಲ ಬಂದು ದೀಪ, ವೈಪರ್ ಎರಡನ್ನೂ ಹಾಕಿ ಓಡಿಸಿದಾಗ, ಅಥವಾ ವಾಹನ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಾಗ ಅದರ ನಿಶ್ಶಕ್ತಿ ಬಯಲಾಗುತ್ತದೆ. ಕೆಡಿಸಿದ್ದು ಏಪ್ರಿಲ್ ಸೆಕೆ, ದೂರು ಬರುವುದು ಜೂನ್ ಮಳೆಯ ಮೇಲೆ.

ಲಡಾಖಿನಂಥ ಹಿಮದ ನಾಡಿನಲ್ಲಿ ಕತೆ ಬೇರೆ. ಅಲ್ಲಿ ಎಂಜಿನ್ ಎಣ್ಣೆ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿ ಕುಂದುತ್ತದೆ. ಆದ್ದರಿಂದ ಅಲ್ಲಿನವರು ಸಿ.ಸಿ.ಎ. ಎಂಬ ಅಂಕಿಯನ್ನು ಮುಖ್ಯವಾಗಿ ನೋಡುತ್ತಾರೆ. ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ 30 ಸೆಕೆಂಡು ಎಷ್ಟು ಆಂಪಿಯರ್ ವಿದ್ಯುತ್ ಕೊಡಬಲ್ಲದು ಎಂಬುದನ್ನು ಅದು ಸೂಚಿಸುತ್ತದೆ. ಜನವರಿಯ ರಾತ್ರಿಯಲ್ಲೂ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಊರಿಗೆ, ಕಂಪೆನಿ ಹೇಳಿದ್ದಕ್ಕಿಂತ ಹೆಚ್ಚಿನ ಸಿ.ಸಿ.ಎ.ಗೆಂದು ಅಧಿಕ ಹಣ ತೆರಬೇಕಾದ ಅಗತ್ಯವಿಲ್ಲ.

ಕೊಳ್ಳುವ ಮೊದಲು

ಸೆಲ್ಫ್ ಹೊಡೆಯಲಿಲ್ಲವೆಂದ ಮಾತ್ರಕ್ಕೆ ಬ್ಯಾಟರಿ ಸತ್ತಿತೆಂದು ತಿಳಿಯಬೇಡಿ. ಉಪ್ಪುಗಾಳಿಗೆ ತುದಿಗಳಲ್ಲಿ ಕಿಲುಬು ಹಿಡಿದಿದ್ದರೂ ಹೀಗಾಗುತ್ತದೆ. ಮೊದಲು ಅದನ್ನು ತೆಗೆಸಿ. ಬಳಿಕ ವಾಹನವನ್ನು ಒಂದು ರಾತ್ರಿ ನಿಲ್ಲಿಸಿ ವೋಲ್ಟ್ ಅಳೆಯಿಸಿ. 12.6 ಇದ್ದರೆ ಪೂರ್ಣ ಚಾರ್ಜ್ ಇದೆ, 12.2 ಇದ್ದರೆ ಅರ್ಧದಷ್ಟು. 12ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಬರಿದಾಗಿದೆ ಎಂದರ್ಥ. ಚಾರ್ಜ್ ಮಾಡಿಸಿದ ಮೇಲೂ ನಿಲ್ಲದಿದ್ದರೆ ಮಾತ್ರ ಬದಲಿಸಿ.

ಎಂಜಿನ್ ಓಡುವಾಗಲೂ ಅಳೆಯಬೇಕು. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಹೊಸ ಬ್ಯಾಟರಿಯೂ ಹಸಿದೇ ಇರುತ್ತದೆ. ತೀರ ಹೆಚ್ಚಾದರೆ ಕುದಿದು ನೀರು ಆರುತ್ತದೆ. ಈ ದೋಷವನ್ನು ಸರಿಪಡಿಸದೆ ಹೊಸದನ್ನು ಹಾಕುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಅಂಗಡಿಯಲ್ಲಿ ನೋಡಬೇಕಾದ ಅಂಶಗಳು

1. ತಯಾರಾದ ತಿಂಗಳು: ಬ್ಯಾಟರಿ ಕಪಾಟಿನಲ್ಲಿ ಕುಳಿತೇ ಮುದಿಯಾಗುತ್ತದೆ, ಸೆಕೆಯ ಊರಿನಲ್ಲಿ ಇನ್ನೂ ಬೇಗ. ಮೂರು ತಿಂಗಳೊಳಗೆ ತಯಾರಾದದ್ದನ್ನೇ ಕೇಳಿ. ಗುರುತು ಅರ್ಥವಾಗದಿದ್ದರೆ ಅಂಗಡಿಯವರಿಂದ ಓದಿಸಿ, ವೋಲ್ಟ್ ಅಳೆದು ತೋರಿಸಲು ಹೇಳಿ.

2. ಆಂಪಿಯರ್-ಗಂಟೆ: 60 ಆಂಪಿಯರ್-ಗಂಟೆಯ ಬ್ಯಾಟರಿ 3 ಆಂಪಿಯರಿನಂತೆ 20 ಗಂಟೆ ವಿದ್ಯುತ್ ಕೊಡಬಲ್ಲದು. ವಾಹನದ ಕೈಪಿಡಿಯಲ್ಲಿರುವ ಅಂಕಿಗಿಂತ ಕಡಿಮೆಯದನ್ನು ಅಗ್ಗವೆಂದು ಕೊಳ್ಳಬೇಡಿ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಹೆಚ್ಚು ಬಲ ಬೇಕು. ಅಳತೆ, ತುದಿಗಳ ಎಡಬಲವೂ ಹೊಂದಬೇಕು.

3. ಜಾತಿ: ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡುವ ಅಭ್ಯಾಸವಿರುವವರಿಗೆ ಮುಚ್ಚಳ ತೆಗೆದು ನೀರು ಹಾಕಬಹುದಾದ ಬ್ಯಾಟರಿ ನಮ್ಮ ಸೆಕೆಗೆ ಚೆನ್ನಾಗಿ ಒಪ್ಪುತ್ತದೆ. ಆ ಪುರಸತ್ತಿಲ್ಲದವರಿಗೆ ಮೇಂಟೆನೆನ್ಸ್ ಫ್ರೀ ಬ್ಯಾಟರಿ ಲೇಸು. ಅದರಲ್ಲಿ ನೀರು ನಿಧಾನವಾಗಿ ಆರುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ಆರುವ ಹೊಸ ಕಾರುಗಳಿಗೆ ಮಾತ್ರ ಕಂಪೆನಿ ಹೇಳಿದ ಜಾತಿಯನ್ನೇ ಹಾಕಬೇಕು.

4. ವಾರಂಟಿ: 48 ತಿಂಗಳೆಂದು ಬರೆದಿದ್ದರೆ ಅದರಲ್ಲಿ ಉಚಿತ ಬದಲಿ ಎಷ್ಟು ತಿಂಗಳು, ಬರೇ ರಿಯಾಯಿತಿ ಎಷ್ಟು ತಿಂಗಳು ಎಂದು ಕೇಳಿ. ಕಾರ್ಡಿನಲ್ಲಿ ತಾರೀಖು, ಮೊಹರು ಹಾಕಿಸಿಕೊಳ್ಳಿ.

ಜೋಡಣೆ ಮತ್ತು ಆರೈಕೆ

ತೆಗೆಯುವಾಗ ಋಣ ತುದಿಯನ್ನು ಮೊದಲು ಬಿಚ್ಚಿ. ಹಾಕುವಾಗ ಅದನ್ನು ಕೊನೆಗೆ ಜೋಡಿಸಿ. ಹತ್ತಿರ ಬೀಡಿ, ಬೆಂಕಿ ಬೇಡ. ಬ್ಯಾಟರಿಯಿಂದ ಹೊರಡುವ ಜಲಜನಕ ಸ್ಫೋಟಿಸುತ್ತದೆ. ತುದಿಗಳಿಗೆ ವ್ಯಾಸಲೀನ್ ಸವರಿ. ಬ್ಯಾಟರಿಯ ಮೇಲ್ಭಾಗವನ್ನು ಆಗಾಗ ಒರಸಿ. ಉಪ್ಪು ಮತ್ತು ತೇವ ಸೇರಿದ ಕೊಳೆಯ ಮೂಲಕವೂ ವಿದ್ಯುತ್ ಸೋರುತ್ತದೆ.

ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿಯ ನೀರಿನಲ್ಲಿರುವ ಕಬ್ಬಿಣ, ಲವಣಗಳು ಪ್ಲೇಟುಗಳನ್ನು ಕೆಡಿಸುತ್ತವೆ. ಶಕ್ತಿ ಬರಲೆಂದು ಆಮ್ಲ ಸುರಿಸುವ ಪದ್ಧತಿಯಂತೂ ಸಲ್ಲದು. ಸೆಕೆಯ ನಾಡಿಗೆ ತಯಾರಿಸಿದ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಬೇಕೆಂದೇ 1.240ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಚಳಿದೇಶಗಳಲ್ಲಿ ಅದು 1.280ರವರೆಗೂ ಇರುತ್ತದೆ. ಗಟ್ಟಿ ಆಮ್ಲ ಸೆಕೆಯಲ್ಲಿ ಪ್ಲೇಟುಗಳನ್ನು ತಿನ್ನುತ್ತದೆ.

ಆಟಿಯ ಮಳೆಯಲ್ಲಿ ವಾಹನ ನಿಂತೇ ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ. ಬರಿದಾಗಿಯೇ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಗಟ್ಟಿ ಪದರ ಕಟ್ಟಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ.

ಹಳೆಯ ಬ್ಯಾಟರಿ

ಹಳೆಯದನ್ನು ಅಂಗಳದಲ್ಲಿ ಒಡೆಯಬೇಡಿ, ಆಮ್ಲವನ್ನು ತೋಟಕ್ಕೆ ಚೆಲ್ಲಬೇಡಿ. ಸೀಸ ವಿಷ, ಮಣ್ಣಿಗೂ ಬಾವಿಗೂ ಸೇರಿದರೆ ಹೆಚ್ಚು ಹಾನಿ ಮಕ್ಕಳಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದು ಮರುಬಳಕೆಗೆ ಹೋಗಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.

ಬ್ಯಾಟರಿ ಮೂರು ವರ್ಷ ದಾಟಿದ್ದರೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಪರೀಕ್ಷೆ ಮಾಡಿಸಿ. ಆಗ ನಾಲ್ಕು ಅಂಗಡಿ ವಿಚಾರಿಸಿ ಆರಿಸಲು ನಿಮಗೆ ಸಮಯವಿರುತ್ತದೆ. ನಡುರಾತ್ರಿಯ ಮಳೆಯಲ್ಲಿ ವಾಹನ ತಳ್ಳುವ ಕಷ್ಟವೂ ತಪ್ಪುತ್ತದೆ.