ಮಗು ಆಟದ ತಂಡಕ್ಕೆ ಸೇರಿದಾಗ



ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ರೈತರು ಮಕ್ಕಳ ಓದಿಗಾಗಿ ತುಮಕೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಂಥವರೊಬ್ಬರು ಸದಾಶಿವನಗರದಲ್ಲಿದ್ದಾರೆ. ಜಮೀನು ಗುಬ್ಬಿ ತಾಲ್ಲೂಕಿನಲ್ಲಿ. ತೆಂಗು, ಸ್ವಲ್ಪ ಅಡಿಕೆ, ಮಳೆಗಾಲದಲ್ಲಿ ರಾಗಿ. ತೆಂಗಿನ ನುಸಿಯ ವಿಚಾರ ಕೇಳಲು ಬಂದವರು ಅದು ಮುಗಿದ ಮೇಲೂ ಹೊರಡದೆ ಕುಳಿತರು. “ಸ್ವಾಮಿ, ಇನ್ನೊಂದು ವಿಷಯ. ಮಗಳನ್ನ ಖೋ ಖೋ ತಂಡದಿಂದ ಬಿಡಿಸಬೇಕು ಅಂತಿದೀನಿ” ಎಂದರು.

ಮಗಳಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ತಂಡಕ್ಕೆ ಸೇರಿ ಆಡಿದ್ದು ಅದೇ ಮೊದಲು. ಪಕ್ಕದ ಶಾಲೆಯ ಮೇಲೆ ಪಂದ್ಯವೆಂದು ಇವರು ತೋಟಕ್ಕೆ ನೀರು ಹಾಯಿಸುವುದನ್ನು ಆಳಿಗೆ ವಹಿಸಿ ನೋಡಲು ಹೋಗಿದ್ದಾರೆ. “ಎಲ್ಲರ ಮಕ್ಕಳೂ ಓಡ್ತಾವೆ, ನಮ್ಮದು ಕೂತೇ ಇರ್ತದೆ. ಕೂರಿಸೋಕೆ ತಂಡಕ್ಕೆ ಯಾಕೆ ಸೇರಿಸ್ಕೋಬೇಕು?” ಎಂಬುದು ಇವರ ದೂರು. ತಡೆಯಲಾರದೆ ಗೆರೆಯ ಬಳಿ ಹೋಗಿ, “ಎದ್ದೇಳು ಮಗಾ, ಓಡು!” ಎಂದು ಕೂಗಿದರಂತೆ. ಮಗು ಅಪ್ಪನ ಮಾತು ಕೇಳಿ ಎದ್ದಿತು. ಸೀಟಿ ಊದಿದರು, ತಪ್ಪಾಯಿತು. ಜೊತೆಯ ಹುಡುಗಿಯರು ಬೈದರು, ತಂಡ ಸೋತಿತು. ಬೈಕಿನಲ್ಲಿ ಕೂರಿಸಿಕೊಂಡು ಬರುವಾಗ ಇವರೂ ಬೈದರು. ಮಾರನೆಯ ದಿನ ಮಗುವಿಗೆ ಹೊಟ್ಟೆನೋವು, ಶಾಲೆಗೆ ಹೋಗಲಿಲ್ಲ. ಸಂಜೆ, “ಅಪ್ಪಾ, ಇನ್ನು ನೀನು ನೋಡಕ್ಕೆ ಬರಬ್ಯಾಡ” ಎಂದಿತಂತೆ. ಹೇಳುವಾಗ ಇವರ ಗಂಟಲು ಕಟ್ಟಿತು. ತಂಡದಿಂದ ಬಿಡಿಸುವ ಯೋಚನೆ ಹುಟ್ಟಿದ್ದು ಆ ಮಾತಿನಿಂದಲೇ ಹೊರತು ಆಟದಿಂದಲ್ಲ ಎಂದು ನನಗೆ ತೋರಿತು.

ನಾನು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ನೀವೂ ನೋಡಿರಿ. ಅಂಗಳದ ಎರಡು ತುದಿಗೆ ಎರಡು ಕಂಬ, ನಡುವೆ ಒಂದು ಪಟ್ಟೆ, ಪಟ್ಟೆಯ ಮೇಲೆ ಎಂಟು ಚೌಕ. ಅಟ್ಟುವ ತಂಡದ ಎಂಟು ಜನ ಚೌಕಗಳಲ್ಲಿ ಕೂರುತ್ತಾರೆ. ಒಬ್ಬರ ಮುಖ ಈ ಕಡೆಗಾದರೆ ಪಕ್ಕದವರ ಮುಖ ಆ ಕಡೆಗೆ. ಒಂಬತ್ತನೆಯವರು ಅಟ್ಟುತ್ತಾರೆ. ಓಡುವವರು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವರು ಹಾಗಲ್ಲ. ಹಿಡಿದ ದಿಕ್ಕನ್ನು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ, ನಡುವಿನ ಪಟ್ಟೆ ದಾಟುವಂತಿಲ್ಲ, ಕಂಬ ಸುತ್ತಿಯೇ ಆ ಕಡೆಗೆ ಹೋಗಬೇಕು. ಹಾಗಾದರೆ ನುಸುಳಿ ಆ ಕಡೆಗೆ ಹೋದವರನ್ನು ಹಿಡಿಯುವುದು ಹೇಗೆ? ಆ ಕಡೆಗೆ ಮುಖ ಮಾಡಿ ಕೂತವರ ಬೆನ್ನು ಮುಟ್ಟಿ, “ಖೋ” ಎಂದು ಗಟ್ಟಿಯಾಗಿ ಹೇಳಬೇಕು. ಅವರು ಎದ್ದು ಅಟ್ಟುತ್ತಾರೆ, ಖೋ ಕೊಟ್ಟವರು ಅವರ ಚೌಕದಲ್ಲಿ ಕೂರುತ್ತಾರೆ. ಖೋ ಬೀಳುವ ಮೊದಲೇ ಎದ್ದರೆ ತಪ್ಪು. ತಪ್ಪಾದರೆ ಅಟ್ಟುವವರು ಎದುರು ದಿಕ್ಕಿಗೆ ತಿರುಗಬೇಕಾಗುತ್ತದೆ, ಅಷ್ಟರಲ್ಲಿ ಓಡುವವರು ತಪ್ಪಿಸಿಕೊಂಡಿರುತ್ತಾರೆ.

ಆದ್ದರಿಂದ ಕೂತ ಮಗು ಸುಮ್ಮನೆ ಕೂತಿಲ್ಲ. ಕಾಲ್ಬೆರಳಿನ ಮೇಲೆ ಭಾರ ಹಾಕಿ, ಬೆನ್ನ ಹಿಂದಿನ ಹೆಜ್ಜೆಗೆ ಕಿವಿಗೊಟ್ಟು, ಮುಂದೆ ಸುಳಿಯುವವರ ಮೇಲೆ ಕಣ್ಣಿಟ್ಟು ಕಾಯುತ್ತಿದೆ. ಒಂಬತ್ತು ವರ್ಷದ ಮಗುವಿಗೆ ಎದ್ದು ಓಡುವುದು ಸುಲಭ, ಹೀಗೆ ಕಾಯುವುದೇ ಕಷ್ಟ. ಅಂಥ ಹೊತ್ತಿನಲ್ಲಿ ಕಿವಿಗೆ ಅಪ್ಪನ ದನಿ ಬಿದ್ದರೆ ಅದು ಏನು ಮಾಡೀತು?

ರಾಗಿ ಪೈರು ನಾಟಿ ಮಾಡಿದ ಮೂರು ನಾಲ್ಕು ದಿನ ಬಾಡಿ ನಿಲ್ಲುತ್ತದೆ. ಬೇರು ಕೂತಿತೇ ಎಂದು ಕಿತ್ತು ನೋಡುವ ರೈತನನ್ನು ನಾನಂತೂ ಕಂಡಿಲ್ಲ. ಇದನ್ನು ಹೇಳಿದಾಗ ಅವರು ನಕ್ಕರು.

ಮತ್ತೊಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ನೇಪಾಳವನ್ನು ಸೋಲಿಸಿ ಗೆದ್ದವು. ಹೆಂಗಸರ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಹುಡುಗಿ ಅಲ್ಲಿಗೆ ಮುಟ್ಟಿದ್ದು ನಮಗೆಲ್ಲ ಹೆಮ್ಮೆ. ಆದರೆ ನಾಲ್ಕನೆಯ ತರಗತಿಯ ಮಗುವಿಗೆ, “ನೀನೂ ಹಾಗೇ ಆಗಬೇಕು” ಎಂದು ದಿನವೂ ಹೇಳಬೇಡಿರಿ. ಗೆಳತಿಯರ ಜೊತೆ ಆಡುವ ಆಸೆ ಉಳಿದರೆ ಈ ವಯಸ್ಸಿಗೆ ಸಾಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಲಲಿ ಗೆಲ್ಲಲಿ, ಅದು ಆಟದಿಂದ ಸಿಕ್ಕೇ ಸಿಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಹೊಟ್ಟೆ ತುಂಬ ಮುದ್ದೆ ಉಣ್ಣಿಸಿ ಕೂಡಲೇ ಓಡಲು ಕಳಿಸಬಾರದು. ಕುಡಿಯುವ ನೀರು ಜೊತೆಗಿರಲಿ. ಕಾಲಿನ ಉಗುರು ಕತ್ತರಿಸಿರಬೇಕು. ತರಚಿದ ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಸಗಣಿ ಮಣ್ಣು ಮೆತ್ತಬೇಡಿರಿ. ಧನುರ್ವಾಯು ತಡೆಯುವ ಲಸಿಕೆ ಸರ್ಕಾರದ ಪಟ್ಟಿಯಂತೆ 5-6 ವರ್ಷಕ್ಕೆ, ಆಮೇಲೆ 10ಕ್ಕೆ, 16ಕ್ಕೆ ಇದೆ. ತಪ್ಪಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಅಭ್ಯಾಸದ ಹೊತ್ತಿಗೆ ಸರಿಯಾಗಿ ಮಗುವನ್ನು ದನ ಹೊಡೆದು ತರಲು ಕಳಿಸುವುದು ನಮ್ಮಲ್ಲಿ ಉಂಟು, ಹೆಣ್ಣುಮಕ್ಕಳನ್ನಂತೂ ಹೆಚ್ಚು. ತಂಡದಲ್ಲಿ ಒಂದು ಚೌಕ ಖಾಲಿ ಬಿದ್ದರೆ ಉಳಿದ ಎಂಟು ಮಕ್ಕಳ ಆಟವೂ ಕೆಡುತ್ತದೆ.

ಆ ರೈತರು ತಿಂಗಳ ಮೇಲೆ ಮತ್ತೆ ಸಿಕ್ಕಿದರು. ಮುಂದಿನ ಪಂದ್ಯಕ್ಕೆ ಮಗಳನ್ನು ಕೇಳಿಯೇ ಹೋದರಂತೆ. “ಬಾ, ಆದರೆ ಮಾತಾಡಬಾರದು” ಎಂದಳಂತೆ. “ಟವಲ್ಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದೆ ಸ್ವಾಮಿ” ಎಂದರು. ಆ ದಿನವೂ ತಂಡ ಸೋತಿತು. ಮಗು ಎದ್ದಿದ್ದು ಮೂರು ಸಲ; ಮೂರು ಸಲವೂ ಖೋ ಬಿದ್ದ ಮೇಲೆ. ಬರುವಾಗ ಬೈಕಿನ ಹಿಂದೆ ಕೂತು ಅವಳೇ ಮಾತು ತೆಗೆದಳಂತೆ, ಸದಾಶಿವನಗರದ ಮನೆ ಬರುವವರೆಗೂ ನಿಲ್ಲಿಸಲಿಲ್ಲವಂತೆ.