ಗಣಿತದ ಮನೆಪಾಠವೂ ಶಿಷ್ಯನ ಸಿದ್ಧತೆಯೂ

ಗಣಿತವು ಕನ್ನಡ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಅವನ ಇನ್ನೊಂದು ಕೃತಿಗೆ ‘ಜೈನಗಣಿತಸೂತ್ರಟೀಕೋದಾಹರಣ’ವೆಂದು ಹೆಸರು. ಸೂತ್ರ, ಟೀಕೆ, ಉದಾಹರಣೆ ಎಂಬ ಮೂರು ಮೆಟ್ಟಿಲುಗಳು ಆ ಹೆಸರಿನಲ್ಲಿಯೇ ಅಡಗಿವೆ. ಇಂದಿನ ವಿದ್ಯಾರ್ಥಿಯು ಸೂತ್ರವನ್ನು ಉರುಹೊಡೆದು ನೇರವಾಗಿ ಉದಾಹರಣೆಗೆ ಹಾರುತ್ತಾನೆ. ನಡುವಣ ಟೀಕೆ ಬಿಟ್ಟುಹೋಗುತ್ತದೆ. ಮನೆಪಾಠದ ಗುರುವು ಒದಗಿಸಬೇಕಾದುದು ಆ ಟೀಕೆಯನ್ನು. ಆದರೆ ಬಹುಮಂದಿ ಅವನಲ್ಲಿಗೆ ಹೋಗುವುದು ಇನ್ನಷ್ಟು ಉದಾಹರಣೆಗಳಿಗಾಗಿ.

ಸಾಗರದ ರಸ್ತೆಯಲ್ಲಿ, ಸಿಂಹಧಾಮದಿಂದ ಹೆಸರಾದ ತ್ಯಾವರೆಕೊಪ್ಪದಂತಹ ಊರಿನಿಂದ ಹೊರಟ ಹುಡುಗನನ್ನು ನೆನೆಯಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪದವಿಪೂರ್ವ ತರಗತಿಯಲ್ಲಿ ಇಂಗ್ಲಿಷಿನ ಪುಸ್ತಕ ಹಿಡಿದು, 1940ರಲ್ಲಿ ಸ್ಥಾಪಿತವಾದ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿಗೋ, ಅದನ್ನೂ ದಾಟಿ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟಕ್ಕೋ ಅವನು ಹೋಗುತ್ತಾನೆ. ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲ. ತರಗತಿಯಲ್ಲಿ ಎದ್ದು ಕೇಳಲು ಸಂಕೋಚ. ಒಂದು ವಿಷಯದಲ್ಲಿ ಎರಡು ಬಾರಿ ಅನುತ್ತೀರ್ಣನಾದರೆ ತಂದೆಯು ‘ಸಾಕು, ತೋಟದ ಕೆಲಸ ನೋಡಿಕೊ’ ಎನ್ನುತ್ತಾನೆ. ಬುದ್ಧಿಯ ಕೊರತೆಯಿಂದಲ್ಲದೆ ಕೇಳುವ ಬಗೆಯನ್ನು ಅರಿಯದುದರಿಂದ ವಿದ್ಯೆ ನಿಂತುಹೋಗುವುದು ದೊಡ್ಡ ನಷ್ಟ.

ಕೇಳುವ ಬಗೆ ಎಂದರೇನು? ‘ಈ ಅಧ್ಯಾಯವೇ ತಿಳಿಯಲಿಲ್ಲ’ ಎಂದವನಿಗೆ ಗುರುವು ಅಧ್ಯಾಯವನ್ನೇ ಮತ್ತೊಮ್ಮೆ ಓದಿಹೇಳಬಹುದು, ಅಷ್ಟೆ. ‘ಇಲ್ಲಿಯವರೆಗೆ ಬಂದೆ, ಈ ಸಾಲಿನಿಂದ ಮುಂದಿನ ಸಾಲು ಹೇಗೆ ಬಂದಿತು?’ ಎಂದವನಿಗೆ ಪಾಠ ದೊರೆಯುತ್ತದೆ.

ಒಂದು ನಿದರ್ಶನವನ್ನು ನೋಡಬಹುದು. 1, 1/2, 1/3, 1/4 ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತವು ಒಂದು ಎಲ್ಲೆಯೊಳಗೆ ನಿಲ್ಲುವುದೆ? ಪದಗಳು ಸೊನ್ನೆಯ ಕಡೆಗೆ ಕುಗ್ಗುತ್ತಿರುವುದರಿಂದ ನಿಲ್ಲುತ್ತದೆಂದು ಬಹುಪಾಲು ವಿದ್ಯಾರ್ಥಿಗಳು ಬರೆಯುತ್ತಾರೆ. ಅವಸರದ ಬೋಧಕನು ‘ತಪ್ಪು, ನಿಲ್ಲುವುದಿಲ್ಲ’ ಎಂದು ಹೊಡೆದುಹಾಕಿ ಸರಿಯುತ್ತರವನ್ನು ಬರೆಸುತ್ತಾನೆ. ಬಲ್ಲವನು ಪದಗಳನ್ನು ಗುಂಪುಮಾಡಲು ಹೇಳುತ್ತಾನೆ. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಪದಗಳು ಸೇರಿದರೂ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟು ಪದಗಳೂ ಹಾಗೆಯೇ. ಅರ್ಧ ಅರ್ಧವಾಗಿ ಮೊತ್ತ ಬೆಳೆಯುತ್ತಲೇ ಇರುವುದೆಂದು ಶಿಷ್ಯನೇ ಕಾಣುತ್ತಾನೆ. 14ನೆಯ ಶತಮಾನದಲ್ಲಿ ಫ್ರಾನ್ಸಿನ ಒರೆಮ್ ಎಂಬ ವಿದ್ವಾಂಸನು ತೋರಿಸಿದ ದಾರಿಯಿದು.

ಇದರೊಡನೆ ಮಹಾವೀರಾಚಾರ್ಯನ ಒಂದು ವಿಧಿಯನ್ನು ಇಟ್ಟುನೋಡಿದರೆ ಪಾಠ ಇನ್ನೂ ಸ್ಪಷ್ಟವಾಗುತ್ತದೆ. ಅಂಶವು ಒಂದೇ ಆಗಿರುವ ಭಿನ್ನಗಳಾಗಿ ಒಂದನ್ನು ಒಡೆಯುವ ಕ್ರಮವನ್ನು ಆತನು ಹೇಳಿದ್ದಾನೆ: 1/2, 1/3, 1/6 ಕೂಡಿದರೆ ಒಂದು, 1/2, 1/3, 1/9, 1/18 ಕೂಡಿದರೂ ಒಂದೇ. ಇಲ್ಲಿ ನಡುವಣ ಛೇದಗಳು ಮೂರು ಮೂರು ಪಟ್ಟು ಬೆಳೆಯುವುದರಿಂದ ಪದಗಳನ್ನು ಎಷ್ಟು ಹೆಚ್ಚಿಸಿದರೂ ಮೊತ್ತ ಒಂದನ್ನು ಮೀರದು. ಪದಗಳು ಕುಗ್ಗಿದರೆ ಸಾಲದು, ಎಷ್ಟು ಬೇಗ ಕುಗ್ಗುತ್ತವೆ ಎಂಬುದನ್ನೂ ನೋಡಬೇಕೆಂಬ ಅರಿವು ಶಿಷ್ಯನ ತಪ್ಪಿನಿಂದಲೇ ಹುಟ್ಟಿತು. ಆ ತಪ್ಪು ಉತ್ತರವನ್ನು ಅಳಿಸಿ ಶುದ್ಧಪ್ರತಿ ಮಾಡಿಕೊಂಡು ಹೋಗಿದ್ದರೆ ಈ ಪಾಠವೇ ನಡೆಯುತ್ತಿರಲಿಲ್ಲ. ಆದುದರಿಂದ ಮನೆಪಾಠಕ್ಕೆ ಒಯ್ಯಬೇಕಾದುದು ಹೊಡೆದುಹಾಕಿದ ಗೆರೆಗಳಿರುವ ಕರಡುಪುಸ್ತಕವನ್ನು.

ಭಾಷೆಯ ತೊಡಕು ಬೇರೆಯೇ ಉಂಟು. ಪದವಿ ತರಗತಿಯ ಗಣಿತದಲ್ಲಿ ಶಬ್ದಗಳಿಗಿಂತ ಅವುಗಳ ಅನ್ವಯ ಕಷ್ಟ. ‘ಪ್ರತಿಯೊಂದು ಬೀಗಕ್ಕೂ ಒಂದು ಬೀಗದಕೈ ಉಂಟು’ ಎಂಬುದಕ್ಕೂ ‘ಎಲ್ಲ ಬೀಗಗಳಿಗೂ ಸಲ್ಲುವ ಒಂದು ಬೀಗದಕೈ ಉಂಟು’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡ ಬಲ್ಲ ಮಗುವೂ ಹೇಳಬಲ್ಲದು. ಕಲನಶಾಸ್ತ್ರದ ಲಿಮಿಟ್ಟಿನ ಲಕ್ಷಣದಲ್ಲಿ ಇರುವುದು ಇದೇ: ಯಾವ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಡೆಲ್ಟಾ ಒಂದು ಉಂಟು. ಎಲ್ಲಕ್ಕೂ ಒಂದೇ ಡೆಲ್ಟಾ ಎಂದು ತಿಳಿದವನು ಅಲ್ಲಿಗೆ ದಾರಿ ತಪ್ಪಿದನು. ಪದ್ಯಕ್ಕೆ ಅನ್ವಯ ಮಾಡುವಂತೆ ಲಕ್ಷಣವಾಕ್ಯವನ್ನು ಮೊದಲು ಕನ್ನಡದಲ್ಲಿ ಬಿಡಿಸಿ, ಬಳಿಕ ಇಂಗ್ಲಿಷಿನಲ್ಲಿ ಬರೆಯುವುದು ಲೇಸು. ಪರೀಕ್ಷೆ ಇಂಗ್ಲಿಷಿನಲ್ಲಿದೆಯೆಂದು ಯೋಚನೆಯನ್ನೂ ಇಂಗ್ಲಿಷಿನಲ್ಲಿಯೇ ನಡೆಸಬೇಕೆಂಬ ಹಟವು ವ್ಯರ್ಥ ಶ್ರಮ.

ಪಾಠಶಾಲೆಗಳ ಹಳೆಯ ಕ್ರಮದಲ್ಲಿ ಪಾಠವಾದ ಮೇಲೆ ಚಿಂತನೆಯೆಂಬುದು ಇತ್ತು. ಗುರುವು ಹೇಳಿದುದನ್ನು ಶಿಷ್ಯರು ತಮ್ಮೊಳಗೆ ಮತ್ತೆ ಹೇಳಿ, ಪೂರ್ವಪಕ್ಷವನ್ನು ಹೂಡಿ, ಸಮಾಧಾನವನ್ನು ಹುಡುಕುತ್ತಿದ್ದರು. ಗಣಿತಕ್ಕೆ ಇದು ಬಹಳ ಸಲ್ಲುತ್ತದೆ. ಗುರುವು ಬಿಡಿಸಿದ ಲೆಕ್ಕವು ಅವನೆದುರಿನಲ್ಲಿ ತಿಳಿದಂತೆಯೇ ತೋರುತ್ತದೆ. ಅದೇ ಸಂಜೆ ಪುಸ್ತಕ ಮುಚ್ಚಿ ಮೊದಲಿನಿಂದ ಬರೆದಾಗ ಮೂರನೆಯ ಸಾಲಿನಲ್ಲಿ ನಿಲ್ಲುತ್ತದೆ. ನಿಂತ ಸಾಲನ್ನು ಗುರುತಿಸಿಟ್ಟರೆ ಮರುವಾರದ ಮೊದಲ ಪ್ರಶ್ನೆ ಸಿದ್ಧವಾಯಿತು. ಸೀಮೆಸುಣ್ಣವು ಗುರುವಿಗಿಂತ ಹೆಚ್ಚು ಹೊತ್ತು ಶಿಷ್ಯನ ಕೈಯಲ್ಲಿರಬೇಕು.

ಮನೆಪಾಠವನ್ನು ದಡ್ಡರ ಊರುಗೋಲೆಂದು ಹಳಿಯುವವರು ಕೇಂಬ್ರಿಜ್ಜಿನ ಚರಿತ್ರೆಯನ್ನು ನೋಡಬಹುದು. ಎಡ್ವರ್ಡ್ ರೌತ್ ಎಂಬ ಮಹನೀಯನು 1854ರ ಗಣಿತ ಪರೀಕ್ಷೆಯಲ್ಲಿ ಪ್ರಥಮನಾದನು. ಆ ವರ್ಷ ದ್ವಿತೀಯ ಸ್ಥಾನ ಪಡೆದವನು ಮ್ಯಾಕ್ಸ್‌ವೆಲ್. ಮುಂದೆ 1888ರವರೆಗೆ ರೌತನು ಖಾಸಗಿಯಾಗಿ ಪಾಠ ಹೇಳಿ, ಇಪ್ಪತ್ತಕ್ಕೂ ಹೆಚ್ಚು ಪ್ರಥಮ ಸ್ಥಾನಗಳನ್ನು ತನ್ನ ಶಿಷ್ಯರಿಗೆ ದೊರಕಿಸಿದನು. ರೇಲಿ, ಜೆ.ಜೆ. ಥಾಮ್ಸನ್ ಅವನ ಶಿಷ್ಯರೇ. ಚಿಕ್ಕ ಗುಂಪು, ಬಿಡದೆ ಅಭ್ಯಾಸ, ವಾರವಾರವೂ ಬಿಡಿಸಿ ತರಬೇಕಾದ ಲೆಕ್ಕಗಳು: ಅವನ ಕ್ರಮ ಇಷ್ಟೆ. ಅದು ಬರಿಯ ಪರೀಕ್ಷೆಯ ತಾಲೀಮೆಂಬ ಆಕ್ಷೇಪವೂ ಇತ್ತು. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ.

ಪರೀಕ್ಷೆಗೆ ಹದಿನೈದು ದಿನವಿರುವಾಗ ಹಣ ಹೊಂದಿಸಿಕೊಂಡು ಗುರುವನ್ನು ಹುಡುಕುವುದು ಸಾಮಾನ್ಯ ನೋಟ. ಅದೇ ಹಣವನ್ನು ವರ್ಷದ ಮೊದಲ ತಿಂಗಳಿನಿಂದ ವಾರಕ್ಕೊಂದು ಗಂಟೆಯಂತೆ ಹಂಚಿದರೆ ಫಲ ಹೆಚ್ಚು. ಒಬ್ಬನಿಗೆ ಭಾರವಾದುದು ನಾಲ್ವರು ಕೂಡಿದರೆ ಹಗುರ, ಚಿಂತನೆಗೆ ಜೊತೆಯೂ ಆಯಿತು. ವಿದ್ಯಾರ್ಥಿನಿಲಯಗಳಿಗೆ ನೆರವಾಗುವ ದಾನಿಗಳು ಇಂತಹ ನಾಲ್ವರಿಗೆ ಸಂಜೆ ಒಂದು ಕೋಣೆಯನ್ನೂ ಕರಿಹಲಗೆಯನ್ನೂ ಒದಗಿಸಿ, ಸ್ನಾತಕೋತ್ತರ ತರಗತಿಯ ಹಿರಿಯ ವಿದ್ಯಾರ್ಥಿಯೊಬ್ಬನಿಗೆ ಗೌರವಧನ ಕೊಟ್ಟರೆ ಇಬ್ಬರ ಓದಿಗೂ ಆಸರೆಯಾಗುತ್ತದೆ. ಕಲಿಸುವವನಿಗೆ ತಾನು ಮರೆತ ಮೊದಲ ವರ್ಷದ ಪಾಠ ಗಟ್ಟಿಯಾಗುವ ಲಾಭ ಬೇರೆ.